ಮಂಚಿಕೇರಿಗೆ ಹೊರಟ ಬೆಳಿಗ್ಗೆ

ನಂದೊಳ್ಳಿ
ಮಾರ್ಚ್ ೮, ಭಾನುವಾರ

ಪ್ರೀತಿಯ ಸುನೀಲಣ್ಣನಿಗೆ,

ಕಾವ್ಯಶ್ರೀಯ ನಮಸ್ಕಾರ. ನೀವು ಸಿದ್ದಾಪುರಕ್ಕೆ ಅಕ್ಕನ ಮನೆಗೆ ಹೋದ ಮೇಲೆ ನನ್ನ ಫೋನ್ ಒಂದನ್ನೂ ತೆಗೆದಿಲ್ಲ. ಈ ವಿಳಾಸ ಕೊಟ್ಟವರು ನಿಮ್ಮ ವಕೀಲ ರಘುಪತಿಯವರು. ಅವರ ಮೇಲೆ ಸಿಟ್ಟಾಗಬೇಡಿ. ಅಪಘಾತದ ಕೇಸಿನ ಬರುವ ವಾಯಿದೆಗೆ ನೀವು ಯಲ್ಲಾಪುರದ ಕೋರ್ಟಿನಲ್ಲಿ ನಿಂತು, ಗಾಡಿ ಹೊಡೆಯುತ್ತಿದ್ದವನು ನಾನೇ, ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವವರಿದ್ದೀರಂತೆ. ಜೈಲಾದರೆ ಆಗಲಿ ಅಂದಿರಂತೆ. ರಘುಪತಿಯವರಿಗೆ ಅದರಲ್ಲಿ ಏನೋ ಅನುಮಾನ ಇದ್ದ ಹಾಗಿದೆ. ನನಗೆ ಅನುಮಾನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರಕ್ಕೆ ನಿಮ್ಮ ಗೆಳೆಯ, ನಮ್ಮ ಮನೆಯವರು, ತೀರಿಹೋಗಿ ಒಂದು ವರ್ಷವಾಯಿತು. ಯಲ್ಲಾಪುರದಲ್ಲಿ ದೊಡ್ಡ ಸಭೆ ಮಾಡಿದರು. ಬಸ್ ಸ್ಟ್ಯಾಂಡಿನಿಂದ ಸಭೆಯ ಜಾಗದವರೆಗೂ ಫ್ಲೆಕ್ಸುಗಳು, 'ನಮ್ಮ ನೆಲದ ಗಗನಯಾತ್ರಿ ಉಲ್ಲಾಸ ನಾಯ್ಕ' ಎಂದು. ಎಲ್ಲದರಲ್ಲೂ ಅದೇ ಚಿತ್ರ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಗುವುದು. ನನ್ನನ್ನೂ ಅತ್ತೆಯನ್ನೂ ವೇದಿಕೆಯ ಮೇಲೆ ಕೂರಿಸಿದರು. ಜನ ಅತ್ತರು ಸುನೀಲಣ್ಣ, ನಿಜವಾಗಿ ಅತ್ತರು. ಇವರನ್ನು ಒಮ್ಮೆಯೂ ನೋಡದವರು ಬಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಬ್ಬರು ಮೈಕಿನಲ್ಲಿ, ಅಷ್ಟು ಎತ್ತರಕ್ಕೆ ಹೋಗಿ ಕ್ಷೇಮವಾಗಿ ಬಂದ ಜೀವವನ್ನು ನಮ್ಮದೇ ರಸ್ತೆಯಲ್ಲಿ ಒಬ್ಬ ಬೇಜವಾಬ್ದಾರಿ ಡ್ರೈವರ್ ತೆಗೆದ, ಅವನು ಕುಡಿದಿದ್ದನೋ ಏನೋ ದೇವರೇ ಬಲ್ಲ ಎಂದರು. ಕೂಡಲೇ ಹಿಂದಿನಿಂದ ಒಂದಿಬ್ಬರು 'ಕುಡಿದಿದ್ದ, ಕುಡಿದಿದ್ದ' ಎಂದು ಕೂಗಿದರು.

ಎಲೆಯಡಿಕೆಯ ಕವಳವನ್ನೂ ಹಾಕದ ನೀವು!

ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ಪಕ್ಕದಲ್ಲಿ ಅತ್ತೆ ತಲೆ ತಗ್ಗಿಸಿ ಕೂತಿದ್ದರು, ಅವರ ಮುಖ ನೋಡಿ ಧೈರ್ಯ ಸಾಲಲಿಲ್ಲ. ಮನೆಗೆ ಬರುವಾಗ ಚೇತನಾ ಕಾರಿನಲ್ಲಿ ನನ್ನ ಮುಖವನ್ನೇ ನೋಡುತ್ತಾ, "ಅಮ್ಮಾ, ಸುನೀಲ ಮಾಮ ಕುಡ್ದು ಅಪ್ಪನ್ನ ಸಾಯ್ಸಿದ್ನಾ?" ಎಂದು ಕೇಳಿದಳು. ನೀವು ಹಳ್ಳದಲ್ಲಿ ಈಜು ಕಲಿಸಿದ ಹುಡುಗಿ. ಅಲ್ಲ ಎಂದೆ. ಮತ್ತೆ ಹೇಗೆ ಎಂದಳು. ಅವತ್ತೇ ನಿರ್ಧಾರ ಮಾಡಿದೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಯಾರಾದರೂ ಒಬ್ಬರು ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ.

ಭೂಮಿಗೆ ಮರಳಿದ ಹೊಸತರಲ್ಲಿ ಇವರಿಗೆ ತಲೆಸುತ್ತು ಇತ್ತು. ಅದು ಹೋಗಿಬಂದವರಿಗೆ ಆಗುವಂಥದ್ದೇ, ಸರಿಹೋಗುತ್ತದೆ ಎಂದಿದ್ದರು. ಸರಿಯೂ ಹೋಯಿತು, ಪರೀಕ್ಷೆಗಳಲ್ಲೆಲ್ಲ ಪಾಸಾದರು. ಕೆಲವು ತಿಂಗಳ ಮೇಲೆ ಅದು ಮತ್ತೆ ಬಂತು. ಬಾಹ್ಯಾಕಾಶದ್ದೇ ತೊಂದರೆಯೋ, ಬೇರೆ ಏನಾದರೂ ಇತ್ತೋ, ನನಗೆ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಿಕೊಂಡಿದ್ದರೆ ತಾನೇ ಗೊತ್ತಾಗುವುದು? ಬಚ್ಚಲಿಂದ ಬರುವಾಗ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನು ಕಂಡೆನೆಂದು ಗೊತ್ತಾದರೆ ನಗುತ್ತಿದ್ದರು. ಎರಡನೆಯ ಸಲ ಹೋಗುವವರ ಪಟ್ಟಿಯಲ್ಲಿ ಇವರ ಹೆಸರಿತ್ತು, ಡಾಕ್ಟರಿಗೆ ಒಂದು ಮಾತು ಹೇಳಿದರೆ ಹೆಸರು ಹೋಗುತ್ತಿತ್ತು. ನಾವು ಇದಕ್ಕಾಗಿ ಜಗಳವಾಡಿದೆವು. ಕೊನೆಗೆ ಕಾರಿನ ಕೀಲಿಯನ್ನು ನಾನು ನನ್ನ ಹತ್ತಿರ ಇಟ್ಟುಕೊಂಡೆ. ಬೆಂಗಳೂರಿನಲ್ಲಿ ಅದನ್ನು ಒಪ್ಪಿಕೊಂಡರು. ಊರಿಗೆ ಹೊರಟಾಗ, "ಅಲ್ಲಿ ಸುನೀಲನೇ ಹೊಡೀತಾನೆ, ಅವನಿಗೆ ತಲೆಸುತ್ತಿನ ವಿಷಯ ಹೇಳಿದ್ದೇನೆ, ಬೇರೆ ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿದ್ದೇನೆ" ಎಂದರು. ನಾನು ನಂಬಿ ಕಳಿಸಿದೆ.

ನನಗೆ ಸುದ್ದಿ ಬಂದಾಗ, ಮಂಚಿಕೇರಿಯ ಶಾಲೆಗೆ ಮಕ್ಕಳ ಜೊತೆ ಮಾತಾಡಲು ಹೋಗುವ ದಾರಿಯಲ್ಲಿ ನಿಮ್ಮ ಬೊಲೆರೊ ತಿರುವಿನಲ್ಲಿ ನೇರ ಹೋಗಿ ಮರಕ್ಕೆ ಹೊಡೆದಿದೆ ಎಂದರು. ಜನ ನಿಮ್ಮಿಬ್ಬರನ್ನೂ ಎಳೆದು ರಸ್ತೆ ಬದಿಗೆ ಮಲಗಿಸಿದ್ದರು. ಯಾರು ಯಾವ ಕಡೆ ಕೂತಿದ್ದರೆಂದು ಆ ಗಡಿಬಿಡಿಯಲ್ಲಿ ನೋಡಿದವರಿಲ್ಲ. ಪೊಲೀಸರು ಕೇಳಿದಾಗ ನೀವು 'ನಾನು ಹೊಡೀತಿದ್ದೆ' ಅಂದಿರಿ. ಅಲ್ಲ ಅನ್ನಬೇಕಾದ ಇನ್ನೊಬ್ಬರು ಆಗಲೇ ಹೋಗಿಬಿಟ್ಟಿದ್ದರು.

ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಲು ಬಂದಾಗ ನರ್ಸ್ ಬ್ಯಾಂಡೇಜ್ ಬದಲಿಸುತ್ತಿದ್ದರು. ನಿಮ್ಮ ಎಡ ಭುಜದಿಂದ ಬಲ ಸೊಂಟದವರೆಗೆ ಬೆಲ್ಟ್ ಒತ್ತಿದ ಕಪ್ಪು ಬರೆ ಇತ್ತು. ಆ ಹೊತ್ತಿಗೆ ನನಗೇನೂ ಹೊಳೆಯಲಿಲ್ಲ, ಅಳುವುದೇ ಆಗಿತ್ತು. ಎಷ್ಟೋ ದಿನದ ಮೇಲೆ ತಮ್ಮನ ಕಾರಿನಲ್ಲಿ ಮುಂದೆ ಕೂತು ಬೆಲ್ಟ್ ಎಳೆದುಕೊಂಡೆ. ಅದು ಎಡ ಭುಜದ ಮೇಲಿಂದ ಇಳಿದು ಬಂತು. ಪಕ್ಕದಲ್ಲಿ ಗಾಡಿ ಹೊಡೆಯುತ್ತಿದ್ದ ತಮ್ಮನಿಗೆ ಬಲ ಭುಜದಿಂದ. ಕಾರು ನಿಲ್ಲಿಸೆಂದು ಹೇಳಿ ಅವನ ಸೀಟಿನಲ್ಲಿ ನಾನೇ ಕೂತು ಬೆಲ್ಟ್ ಎಳೆದು ನೋಡಿದೆ, ನಿಮ್ಮ ಎಡ ಭುಜದ ಬರೆ ಆ ಸೀಟಿನದಲ್ಲ.

ಅದೇ ವಾರ ನಿಮಗೆ ಫೋನ್ ಮಾಡಿದ್ದೆ. ನೀವು ಸುಳ್ಳೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. "ಅತ್ತಿಗೆ, ಶಾಲೆ ಹುಡುಗ್ರು ಅವನ ಚಿತ್ರ ಗೋಡೆಗೆ ಅಂಟಿಸ್ಕಂಡಾರೆ. ನಾನು ಬಾಡಿಗೆ ಗಾಡಿ ಹೊಡಿಯವ. ನನ್ನ ಹೆಸರು ಹಾಳಾದ್ರೆ ಯಾರಿಗೆ ಎಂತ ನಷ್ಟ?" ಅಂದಿರಿ. ಆ ಮಾತಿಗೆ ಉತ್ತರ ಈಗ ಹೇಳುತ್ತೇನೆ. ನಿಮ್ಮನ್ನು ಬಾಡಿಗೆಗೆ ಕರೆಯುವವರಿಲ್ಲದೆ ನೀವು ಊರು ಬಿಟ್ಟಿರಿ. ನಿಮ್ಮ ಬಾಗಿಲಿಗೆ ಯಾರೋ ಸಗಣಿ ಎರಚಿದರು. ಇವರು ಬದುಕಿದ್ದರೆ ಇದನ್ನು ನೋಡಿಕೊಂಡು ಸುಮ್ಮನಿರುತ್ತಿದ್ದರೇ?

ಇವರು ನಂದೊಳ್ಳಿ ಶಾಲೆಗೆ ಬಂದ ಆ ದಿನ ನಿಮಗೆ ನೆನಪಿರಬೇಕು. ಒಬ್ಬ ಹುಡುಗಿ, ಮೇಲಿಂದ ನಮ್ಮೂರು ಕಂಡಿತಾ ಎಂದು ಕೇಳಿದಳು. ಮಾಸ್ತರರು, ಊರವರು, ಎಲ್ಲರೂ 'ಹೌದು' ಎಂಬ ಉತ್ತರಕ್ಕೆ ಚಪ್ಪಾಳೆ ತಟ್ಟಲು ಕಾಯುತ್ತಿದ್ದರು. ಇವರು ಇಲ್ಲ ಅಂದರು. "ಸುಮಾರು ಸಲ ಹುಡುಕಿದೆ, ನಮ್ಮ ಕಡೆ ಪೂರಾ ಮೋಡ ಮುಚ್ಕಂಡಿತ್ತು. ಒಂದು ದಿನ ಮೋಡ ಸರಿದಿತ್ತು, ಅವತ್ತು ಕಿಟಕಿ ಹತ್ರ ಬರಲಿಕ್ಕೆ ನನಗೆ ಕೆಲಸ ಬಿಡಲಿಲ್ಲ" ಎಂದರು. ಮಕ್ಕಳ ಮುಖ ಸಣ್ಣಗಾಯಿತು. ಆಗ ನೀವು ಹಿಂದಿನಿಂದ, "ನಾವು ನಿನ್ನ ಕಂಡಿದ್ವಲ್ಲ ಮಾರಾಯ, ಸಾಕು!" ಎಂದು ಕೂಗಿದಿರಿ. ಇವರು ಮೇಲಿದ್ದಾಗ ನೀವು ಊರಿನವರೆಲ್ಲ ಶಾಲೆಯ ಬಯಲಿನಲ್ಲಿ ನಿಂತು, ಇವರ ನೌಕೆಯ ಬೆಳಕಿನ ಚುಕ್ಕಿ ದಾಟಿಹೋಗುವುದನ್ನು ನೋಡಿದ್ದಿರಿ. ಇವರು ಮೈಕ್ ಕೈಯಲ್ಲಿ ಹಿಡಿದೇ ಕಣ್ಣು ಒರೆಸಿಕೊಂಡರು. ಎರಡನೆಯ ಸಲ ಮೇಲೆ ಹೋಗಬೇಕೆಂಬ ಆಸೆಯೊಂದು ಬಿಟ್ಟರೆ ಬೇರೆ ಯಾವುದಕ್ಕೂ ಸುಳ್ಳಾಡದ ಮನುಷ್ಯ.

ನನಗೆ ಇವರ ಮೇಲೆ ತುಂಬ ಸಿಟ್ಟಿದೆ, ಸುನೀಲಣ್ಣ. ಇದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ. ಊರೆಲ್ಲ ಹೂವಿನ ಹಾರ ಹಾಕುವ ಚಿತ್ರದ ಎದುರು ನಿಂತು ನಾನು ಒಳಗೊಳಗೇ ಜಗಳ ಆಡುತ್ತಿರುತ್ತೇನೆ. ಆಮೇಲೆ ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿಡುತ್ತೇನೆ.

ಬುಧವಾರ ಅತ್ತೆಗೆ ಎಲ್ಲ ಹೇಳಿದೆ. ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಲಿಲ್ಲ. ಆಮೇಲೆ, "ಸತ್ತವನ್ನ ಮತ್ತೆ ಎಂತಕ್ಕೆ ಕೆಳಗೆ ಎಳೀತೀಯೇ? ಅಂವ ತನ್ನ ಸಾವು ತಾನೇ ತಂದ್ಕಂಡ ಅಂತ ಕೋರ್ಟಲ್ಲಿ ಹೇಳ್ತ್ಯಾ?" ಎಂದು ಕೇಳಿದರು. ಹೌದು ಅಂದೆ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವರು ಇವತ್ತಿನವರೆಗೂ ನನ್ನ ಜೊತೆ ಮಾತಾಡಿಲ್ಲ. ಚೇತನಾ ಊಟ ತೆಗೆದುಕೊಂಡು ಹೋದರೆ ಅರ್ಧ ತಿಂದು ಕಳಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಉಳಿದಿರುವುದು ಮಗನ ಹೆಸರೊಂದೇ, ಅದಕ್ಕೂ ನಾನು ಕೈ ಹಾಕುತ್ತಿದ್ದೇನೆ.

ಆದರೂ ಹಿಂದೆ ಸರಿಯುವುದಿಲ್ಲ. ಇವರ ಮೇಲಧಿಕಾರಿಗಳಿಗೆ ತಲೆಸುತ್ತಿನ ವಿಷಯ ತಿಳಿಸಿಯಾಗಿದೆ, ಮುಂದೆ ಹೋಗುವವರನ್ನಾದರೂ ಸರಿಯಾಗಿ ನೋಡಲಿ. ಪೇಪರಿನವರು ಬರುತ್ತಾರೆ, ಬಾಯಿಗೆ ಬಂದ ಹಾಗೆ ಬರೆಯುತ್ತಾರೆ. ಚೇತನಾಳಿಗೆ ಶಾಲೆಯಲ್ಲಿ ಕಷ್ಟವಾಗಬಹುದು. ನನಗೆ ಹೆದರಿಕೆಯಿದೆ. ರಘುಪತಿಯವರು, ನಾನು ಕಂಡ ಬೆಲ್ಟಿನ ಬರೆಯೊಂದರಿಂದ ಕೋರ್ಟಿನಲ್ಲಿ ಏನೂ ಸಾಬೀತಾಗುವುದು ಕಷ್ಟ, ಇವರು ಸ್ಟೇರಿಂಗ್ ಮುಂದೆ ಕೂತದ್ದನ್ನು ಕಣ್ಣಾರೆ ನೋಡಿದವರು ಬೇಕು, ಇಲ್ಲವೆಂದರೆ ಸುನೀಲನೇ ಬಾಯಿ ಬಿಡಬೇಕು ಎಂದರು. ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ದಯವಿಟ್ಟು ಬಾಯಿ ಬಿಡಿ. ಇವರನ್ನು ನಾವಿಬ್ಬರೂ ಬಹಳ ಪ್ರೀತಿ ಮಾಡಿದೆವು. ತಪ್ಪು ಮಾಡಿದ ಉಲ್ಲಾಸನನ್ನೂ ಈ ಊರು ಪ್ರೀತಿ ಮಾಡಬಲ್ಲದು ಎಂದು ಒಂದು ಸಲ ನಂಬೋಣ. ಹಾಗಾಗದಿದ್ದರೆ ಆ ಫ್ಲೆಕ್ಸುಗಳಿಂದ ನನಗೆ ಆಗಬೇಕಾದ್ದೇನೂ ಇಲ್ಲ.

ಅಕ್ಕನವರಿಗೆ ನನ್ನ ನಮಸ್ಕಾರ ಹೇಳಿ. ಭುಜದ ನೋವು ಈಗ ಹೇಗಿದೆ, ಅದನ್ನೂ ಬರೆಯಿರಿ.

ನಿಮ್ಮ ಅತ್ತಿಗೆ,
ಕಾವ್ಯಶ್ರೀ

ತಾ.ಕ.: ಸೋಮವಾರ ಬೆಳಿಗ್ಗೆ. ಪತ್ರ ಅಂಟಿಸಿ ಚೇತನಾಳ ಕೈಲಿ ಪೋಸ್ಟಿಗೆ ಕೊಡುತ್ತಿದ್ದೆ, ಅತ್ತೆ ಕೋಣೆಯಿಂದ ಹೊರಗೆ ಬಂದು ಯಾರಿಗೆ ಎಂದರು. ನಿಮಗೆ ಎಂದೆ. ಬಿಚ್ಚು, ನಾನು ಹೇಳಿದ್ದನ್ನೂ ಬರಿ ಎಂದು ಮೆಟ್ಟಿಲ ಮೇಲೆ ಕೂತರು. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ಅವತ್ತು ಅಂಗಳದಲ್ಲಿ ಉಲ್ಲಾಸ ಕೀಲಿ ಕೇಳ್ದ. ಸುನೀಲ ಕೊಡ್ಲಿಲ್ಲ, ಬ್ಯಾಡ ಬ್ಯಾಡ ಅಂತ ಕೈ ಹಿಂದೆ ಮಾಡ್ಕಂಡ. ಯಾಕೆ ಅಂತ ಬಾಯಿ ಬಿಡ್ಲಿಲ್ಲ. ನಾನೇ ಬೈದೆ. ಅಷ್ಟು ದೂರ ಹೋಗಿ ಬಂದವ ಮಂಚಿಕೇರಿಗೆ ಹೋಗ್ಲಾರ್ನಾ, ಕೊಡಾ ಅವನಿಗೆ ಅಂದೆ. ನನ್ನ ಮಾತಿಗೆ ಕೊಟ್ಟ. ಉಲ್ಲಾಸ ಗಾಡಿ ಹೊಡ್ಕಂಡು ಹೋಗಿದ್ದನ್ನ ನಿಂತು ನೋಡಿದವಳು ನಾನು. ಸುನೀಲ ಒಂದು ವರ್ಷ ಮುಚ್ಚಿಟ್ಟಿದ್ದು ಉಲ್ಲಾಸನ ಹೆಸರೊಂದೇ ಅಲ್ಲ, ನನ್ನ ಮಾತನ್ನೂ ಮುಚ್ಚಿಟ್ಟ. ಗೊತ್ತಿದ್ದೂ ನಾನು ಸುಮ್ಮನೆ ಕೂತೆ. ವಾಯಿದೆ ದಿನ ನಾನೂ ಬರ್ತೆ, ಕಂಡಿದ್ದು ಹೇಳ್ತೆ. ಬಸ್ಸು ಬ್ಯಾಡ. ಯಾರ ಗಾಡಿಯಾದ್ರೂ ಸೈ, ಸುನೀಲನೇ ಹೊಡ್ಕಂಡು ಬರ್ಲಿ. ಅವನ ಪಕ್ಕ ಮುಂದೆ ಕೂತ್ಕಂಡು ಯಲ್ಲಾಪುರ ಪೇಟೆ ಮೇಲೇ ಹೋಗ್ತೆ. ಊರು ನೋಡ್ಲಿ."