ಮುತ್ತು ತಿನ್ನದ ಇಲಿ

ಮಾರ್ಚ್ 14, ಶುಕ್ರವಾರ. ಬಾಸ್ಕಿಂಗ್ ರಿಡ್ಜ್.

ಮುತ್ತು ಇವತ್ತು ಹೋಯಿತು. ಸನ್ನಿಧಿ ಏಳನೇ ಕ್ಲಾಸಿನಿಂದ ಸಾಕಿದ್ದ ಹೆಬ್ಬಾವು. ಕಾಲೇಜಿಗೆ ಹೋಗುವಾಗ ನನ್ನ ಕೈಗೆ ಒಪ್ಪಿಸಿದ್ದಳು. ಕೊಂದದ್ದು ನಾನೇ.

"ಅಮ್ಮಾ, ಜೀವಂತ ಇಲಿ ಹಾಕ್ಬೇಡ. ಓನ್ಲಿ ಫ್ರೋಜನ್, ಬಿಸಿನೀರಲ್ಲಿಟ್ಟು ಕೊಡು" ಎಂದಿದ್ದಳು. ಗರಾಜಿನ ಫ್ರೀಜರ್ ಕೆಟ್ಟಿತು. ಅಡುಗೆಮನೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಸತ್ತ ಇಲಿ ಇಡಲು ನನ್ನ ಮನಸ್ಸು ಒಪ್ಪಲಿಲ್ಲ. ಜೀವಂತ ಇಲಿಯನ್ನೇ ಕೊಂಡು ತಂದೆ. ನಿನ್ನೆ ಬೆಳಗ್ಗೆ ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟು, ನೋಡಲಾರದೆ ಬಾಗಿಲೆಳೆದುಕೊಂಡು ಆಫೀಸಿಗೆ ಹೋದೆ.

ಸಂಜೆ ಬಂದಾಗ ಇಲಿ ಬದುಕಿತ್ತು. ಮುತ್ತುವಿನ ಬೆನ್ನನ್ನು ಮೂಳೆ ಕಾಣುವಷ್ಟು ಕಡಿದು ತಿಂದಿತ್ತು.

ಪೊರೆ ಬಿಡುವ ಸಮಯದಲ್ಲಿ ಹಾವಿಗೆ ಹಸಿವಿರುವುದಿಲ್ಲ ಎಂದು ವೆಟ್ ಡಾಕ್ಟರ್ ಇವತ್ತು ಮೆಲ್ಲಗೆ ವಿವರಿಸಿದಳು. ಹಸಿವಿಲ್ಲದ ಹಾವು ಇಲಿ ಕಚ್ಚಿದರೂ ತಿರುಗಿ ಬೀಳದೆ ಸುರುಳಿ ಸುತ್ತಿಕೊಂಡು ಮಲಗಿಬಿಡುತ್ತದಂತೆ. ನಾನು ಬ್ರಿಡ್ಜ್‌ವಾಟರ್‌ನ ಆಫೀಸಿನಲ್ಲಿ ಮೀಟಿಂಗ್ ಮಾಡುತ್ತಿದ್ದಾಗ ಇಡೀ ದಿನ ಅದು ಸುಮ್ಮನೆ ಕಚ್ಚಿಸಿಕೊಂಡಿತ್ತು. ಉಳಿಯುವುದಿಲ್ಲ, ನೋವಿಲ್ಲದೆ ಕಳಿಸೋಣ ಎಂದಳು. ಸಹಿ ಹಾಕಿದೆ.

ಸನ್ನಿಧಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಹಳ ಹೊತ್ತು ಅತ್ತಳು.

"ಅಮ್ಮಾ, ಕೊನೇಲಿ ವರ್ ಯು ವಿತ್ ಹರ್?"

"ಇದ್ದೆ ಪುಟ್ಟಾ. ತಲೆ ಸವರ್ತಾ ಇದ್ದೆ."

"ಥ್ಯಾಂಕ್ ಯು, ಅಮ್ಮಾ."

ಮುತ್ತುವಿಗೆ ಸೂಜಿ ಚುಚ್ಚುವಾಗ ನಾನು ಹೊರಗೆ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೆ ಕುಳಿತಿದ್ದೆ. ಏಳು ವರ್ಷ ಒಂದೇ ಮನೆಯಲ್ಲಿದ್ದೆವು. ಒಂದು ಸಲವೂ ನಾನು ಅದನ್ನು ಮುಟ್ಟಿದವಳಲ್ಲ.