ನೀರು ತಾಗಬಾರದ ಕನ್ನಡಿ

ಸೆ. 22, ಸೋಮವಾರ

ಕಂಪ್ಯೂಟರ್ ಫ್ಯಾನಿಗೆ ಗಾಜಿನ ಚೂರು ಅಂಟಿಸು, ತಿರುಗಿಸು, ಮೇಲೊಂದು ಹನಿ ಪ್ಲಾಸ್ಟಿಕ್ ದ್ರಾವಣ. ಒಣಗಲಿ. ಈಗ ಇನ್ನೊಂದು ದ್ರಾವಣದ ಹನಿ. ಹೀಗೇ ಪದರದ ಮೇಲೆ ಪದರ. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ ಕೋಣೆಯಷ್ಟು ದೊಡ್ಡ ಮಷಿನ್. ಕೊಪ್ಪದ ನಮ್ಮ ಕಾಲೇಜಿನಲ್ಲಿ ಹಳೇ ಫ್ಯಾನ್ ಮತ್ತು ನಾನು.

ವೀರೇಶ್ ಸರ್ ಇಣುಕಿದರು. ಎಚ್‌ಓಡಿ. "ಎಂತ ಮಾರಾಯ್ತಿ, ದೋಸೆ ಹೊಯ್ತಾ ಇದ್ದೀಯಾ?" ತಮ್ಮ ಜೋಕಿಗೆ ತಾವೇ ನಕ್ಕರು. ಇವರ ಕೈಕೆಳಗೆ ಓದಿದ ತಪ್ಪಿಗೆ ಇನ್ನೂ ಏಕವಚನ. ಬೆಳಕಿನ ಬಗ್ಗೆ ಈ ಮನುಷ್ಯನಿಗೆ ಗೊತ್ತಿರುವುದು ಸ್ವಿಚ್ ಎಲ್ಲಿದೆ ಎಂಬುದೊಂದೇ.

ಸೆ. 27

ಆಯ್ತು! ಎರಡೂ ಗಾಜು ಆಯ್ತು. ಓರೆಯಾಗಿ ಹಿಡಿದರೆ ಹಸಿರು ಹೊಳಪು. ಬೆಳ್ಳಿ ಇಲ್ಲ, ಪಾದರಸ ಇಲ್ಲ, ಬರೀ ಪ್ಲಾಸ್ಟಿಕ್ ಪದರ — ಆದರೂ ಕನ್ನಡಿ. ಜೋಡಿಯ ನಡುವೆ ಬಣ್ಣ ಸವರಿದರೆ ಬೆಳಕು ಒಳಗೇ ಸಿಕ್ಕಿಬೀಳುತ್ತದೆ. ಬಣ್ಣಕ್ಕೂ ಬೆಳಕಿಗೂ ನಡುವೆ ಏನು ನಡೆಯುತ್ತದೆ, ನೋಡಬಹುದು.

ಭಯ ಒಂದೇ. ಪದರಗಳಲ್ಲಿ ಅರ್ಧದಷ್ಟು ನೀರಿಗೆ ಕರಗುವಂಥವು. ಮತ್ತೆ ಮಾಡೋಣವೆಂದರೆ ದ್ರಾವಣವೂ ಮುಗಿದಿದೆ. ಆರನೇ ತಾರೀಕು, ಸೋಮವಾರ, ಇದನ್ನು ನೋಡಲು ಬೆಂಗಳೂರಿನ ಪ್ರೊಫೆಸರ್ ಬರುತ್ತಾರೆ. ಮೆಚ್ಚಿದರೆ ಪಿಎಚ್‌ಡಿ ಸೀಟು. ಈ ಗೆಸ್ಟ್ ಲೆಕ್ಚರರ್ ಗಿರಿಗೆ, ಈ ದೋಸೆ ಜೋಕುಗಳಿಗೆ, ದೊಡ್ಡ ನಮಸ್ಕಾರ.

ಸೆ. 30, ಮಂಗಳವಾರ

ನಾಳೆ ರಜೆ, ಹಾಗಾಗಿ ಕಾಲೇಜಿನಲ್ಲಿ ಇವತ್ತೇ ಆಯುಧಪೂಜೆ. ವೋಲ್ಟ್‌ಮೀಟರಿಗೆ ಕುಂಕುಮ. ಪ್ರಿಸಮ್ಮಿಗೆ ಗಂಧ. ಪ್ರಿಸಮ್ಮಿಗೆ! ಕರ್ಮ. ಅಟೆಂಡರ್ ಮರುಳಸಿದ್ದಪ್ಪ ತಟ್ಟೆ ಹಿಡಿದು ಹಿಂದೆ, ಸರ್ ಮುಂದೆ.

"ನಿನ್ನ ಕನ್ನಡಿಗೂ ಒಂದು ಬೊಟ್ಟು ಇಡುವ ಮಾರಾಯ್ತಿ."

"ಬೇಡ ಸರ್. ಒದ್ದೆ ತಾಗಿದ್ರೆ ಹಾಳು."

"ಹಾಗಾ? ಸರಿ, ಬೇಡ ಬಿಡು."

ಇವರ 'ಸರಿ'ಯನ್ನು ನಂಬುವಷ್ಟು ದಡ್ಡಿ ನಾನಲ್ಲ. ಟಿಫಿನ್ ಡಬ್ಬಿಗೆ ಹತ್ತಿ ಹಾಸಿ, ಲ್ಯಾಬಿನ ಕಪಾಟಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಜೋಡಿಯನ್ನು ಶೃಂಗೇರಿಗೆ, ಮನೆಗೆ ತಂದೆ. ಜಯಪುರದವರೆಗೂ ಬಸ್ಸಿನಲ್ಲಿ ನಿಂತೇ, ಡಬ್ಬಿ ಎದೆಗೆ ಒತ್ತಿಕೊಂಡು.

ಅಮ್ಮನಿಗೆ ಹೇಳಿದೆ, "ಇದು ನನ್ನ ಜೀವ. ಜೋಪಾನ." ಅಷ್ಟೇ. ಅಡುಗೆಮನೆಯಲ್ಲಿ ಪಾಲಿಮರ್ ಪುರಾಣ ಬಿಚ್ಚಿ ಏನು ಪ್ರಯೋಜನ?

ಅ. 1, ಬೆಳಿಗ್ಗೆ

ದೇವರ ಕೋಣೆ. ಕತ್ತಿ, ಹೊಲಿಗೆ ಮಷಿನ್. ಅವುಗಳ ಮುಂದೆ ಬಾಳೆಲೆ. ಎಲೆಯ ಮೇಲೆ ನನ್ನ ಕನ್ನಡಿಗಳು — ಗಂಧ, ಕುಂಕುಮ, ಒಂದೊಂದು ಸೇವಂತಿಗೆ. ಹಸಿರಿಲ್ಲ. ಪದರ ಸುಕ್ಕುಗಟ್ಟಿ, ಹಾಲಿನ ಕೆನೆಯ ಹಾಗೆ ಅಂಚಿನಲ್ಲಿ ಎದ್ದಿದೆ.

"ತೊಳೆದ್ಯಾ ಅಮ್ಮ?"

"ತೊಳೀದೆ ದೇವರ ಮುಂದೆ ಇಡ್ಲಿಕ್ಕೆ ಆಗ್ತದಾ ಕೂಸೆ? ನಿನ್ನ ಜೀವ ಅಂದ್ಯಲ್ಲ... ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ ನೋಡು."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅ. 3

ವೀರೇಶ್ ಸರ್ ಫೋನ್.

"ಮೊನ್ನೆ ಪೂಜೆ ದಿನ ನಿನ್ನ ಕಪಾಟು ಮುಟ್ಟಬಾರದು, ಬೀಗಕ್ಕೆ ಮಾತ್ರ ಬೊಟ್ಟು ಇಡು ಅಂದೆ ಮರುಳಸಿದ್ದಪ್ಪನಿಗೆ. ನಾನೇ ಪಕ್ಕ ನಿಂತಿದ್ದೆ ಮಾರಾಯ್ತಿ. ಸೋಮವಾರಕ್ಕೆ ಎಲ್ಲ ಸರಿ ಇದೆ ಅಲ್ವಾ?"

ಪಕ್ಕದಲ್ಲೇ ನಿಂತಿದ್ದರಂತೆ. ನನ್ನ ಖಾಲಿ ಕಪಾಟಿಗೆ ಕಾವಲು.

ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಕಾಫಿ ಲೋಟ, ನನ್ನ ಮುಖವನ್ನೇ ನೋಡುತ್ತ. ಕನ್ನಡಿ ಹಾಳಾದದ್ದು ಅವಳಿಗೆ ಇನ್ನೂ ಹೇಳಿಲ್ಲ. "ಹೌದು ಸರ್," ಅಂದೆ. "ಎಲ್ಲ ಸರಿ ಇದೆ."