ದೊಡ್ಡಿ ಎಲ್ಲಿದ್ದರೂ ಬರಬೇಕು

ನದಿ ದಂಡೆಯ ತಂಗುಮನೆ,
ಪುಣ್ಯಸ್ನಾನದ ದಿನ, ಸಂಜೆ

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಮಾತು ಜಗಳಕ್ಕೇ ತಿರುಗುತ್ತದೆ. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಕ್ಷೇಮ. ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಅವಳು ಇದ್ದಾಳಾ ಎಂದು ನೋಡುವುದು, ಮತ್ತೆ ಬಂದು ಕೂರುವುದು, ಇದೇ ಆಗಿದೆ. ಬಾಗಿಲಿಗೆ ಚಿಲಕ ಹಾಕಿದ್ದೇನೆ, ಆದರೂ ಜೀವ ಒಂದು ಕಡೆ ನಿಲ್ಲುತ್ತಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಕಳೆದುಹೋಗಿದ್ದಳು.

ಸ್ನಾನಕ್ಕೆ ಬರಲೇಬೇಕೆಂದು ಹಟ ಹಿಡಿದವಳು ಅವಳೇ. ಜನವೋ ಜನ, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು. ಅವಳ ಸೆರಗಿಗೆ ನನ್ನ ಸೆರಗು ಗಂಟು ಹಾಕಿದ್ದೆ. ಕೊನೆಯ ಮುಳುಗು ಹಾಕಿ ಎದ್ದು ನೋಡುತ್ತೇನೆ, ನನ್ನ ಸೆರಗು ನೀರಲ್ಲಿ ತೇಲುತ್ತಿದೆ, ಅಮ್ಮ ಇಲ್ಲ! ನೀರಿನ ಕಡೆ ನೋಡಲಾ, ದಡದ ಕಡೆ ನೋಡಲಾ? ಕಂಡ ಕಂಡ ಬಿಳಿ ತಲೆಯವರನ್ನೆಲ್ಲ ಭುಜ ಹಿಡಿದು ತಿರುಗಿಸಿದೆ. ಒಬ್ಬಾಕೆ ಬೈದೇಬಿಟ್ಟರು, "ಏನಮ್ಮಾ, ನಾನೇನು ಅಂಗಡಿ ಸೀರೆನಾ, ಹೀಗೆ ತಿರುಗಿಸಿ ನೋಡೋಕೆ?" ಅಂತ.

ಕಳೆದುಹೋದವರ ಮನೆಯವರ ಹೆಸರನ್ನು ಮೈಕಿನಲ್ಲಿ ಕೂಗುತ್ತಲೇ ಇದ್ದರು. ಕಿವಿ ಕೊಟ್ಟು ಕಾದೆ, "ಪುಟ್ಟಿ" ಅಂತ ನನ್ನ ಹೆಸರನ್ನು ಒಂದು ಸಲವೂ ಕೂಗಲಿಲ್ಲ. ಗರಗರ ಸದ್ದಿನ ನಡುವೆ "ದೊಡ್ಡಿ, ದೊಡ್ಡಿ" ಅಂತಷ್ಟೇ ಕೇಳುತ್ತಿತ್ತು. ಯಾರದೋ ದನ ತಪ್ಪಿಸಿಕೊಂಡಿದೆ, ಹಿಡಿದು ದೊಡ್ಡಿಗೆ ಹಾಕಿದ್ದಾರೆ ಅಂದುಕೊಂಡೆ. ನಗಬೇಡ. ನಮ್ಮ ಮನೆಯಲ್ಲಿ ನಿನ್ನ ಆ ಹೆಸರು ಕೇಳಿ ಎಷ್ಟು ಕಾಲವಾಯಿತು ಹೇಳು? ನೀನು ನಮ್ಮ ಅಂಗಡಿಯ ಎದುರು ಸಾಲಿನಲ್ಲೇ ಬೇರೆ ಹೊಲಿಗೆ ಅಂಗಡಿ ತೆರೆದ ದಿನದಿಂದ ಅಮ್ಮ ಅದನ್ನು ಬಾಯಿಗೆ ತಂದಿಲ್ಲ. ಅಳತೆ ಕೊಡಲು ಬಂದವರು ಕೇಳಿದರೆ "ನನಗಿರೋದು ಒಬ್ಬಳೇ ಮಗಳು" ಅಂತ ಜೋರಾಗಿ ಕತ್ತರಿ ಆಡಿಸುತ್ತಾಳೆ.

ಮೈಕಿನ ಚಪ್ಪರ ಹತ್ತಿರವಾದಾಗ ಪೂರ್ತಿ ಕೇಳಿಸಿತು. "ಹೊಲಿಗೆ ಅಂಗಡಿಯ ದೊಡ್ಡಿ ಎಲ್ಲಿದ್ದರೂ ಬರಬೇಕು, ನಿಮ್ಮ ಅಮ್ಮ ಕಾಯ್ತಿದ್ದಾರೆ." ಒದ್ದೆ ಸೀರೆಯಲ್ಲೇ ಓಡಿದೆ. ಅಮ್ಮ ಬೆಂಚಿನ ಮೇಲೆ ಕೂತು, "ಇನ್ನೊಂದ್ಸಲ ಕೂಗಪ್ಪಾ, ಅವಳು ಒಂದು ಸಲ ಕರೆದ್ರೆ ಬರೋಳಲ್ಲ" ಅನ್ನುತ್ತಿದ್ದಳು.

ಕೂಗುವವನು ನನ್ನನ್ನು ನೋಡಿ "ನೀವೇನಾ ದೊಡ್ಡಿ?" ಅಂದ. ಅಮ್ಮನ ಕೈ ಹಿಡಿದು ಎಬ್ಬಿಸಿದೆ. ಸಿಟ್ಟು ಬಂತು ಅಕ್ಕಾ, ಹೊಟ್ಟೆಕಿಚ್ಚೂ ಆಯಿತು. ಹುಡುಕಿ ಹುಡುಕಿ ಸುಸ್ತಾದವಳು ನಾನು, ಕೂಗಿಸಿಕೊಂಡವಳು ನೀನು! ವಯಸ್ಸಾಯಿತಲ್ಲ, ಗಾಬರಿಯಲ್ಲಿ ಹೆಸರು ಅದಲುಬದಲಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಬೇಕಾದರೆ ನೀನೂ ಹಾಗೇ ತಿಳಿದುಕೋ.

ನಾವು ಇನ್ನೂ ಕೆಲವು ದಿನ ಇಲ್ಲೇ ಇರುತ್ತೇವೆ, ಕಾಗದ ನಮಗಿಂತ ಮುಂಚೆ ತಲುಪುತ್ತದೆ. ಆಮೇಲೆ ಅಂಗಡಿ ಎಂದಿನಂತೆ ತೆರೆದಿರುತ್ತದೆ. ಬೀದಿ ದಾಟುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಈಗ ಅಮ್ಮನಿಗೆ ಎಚ್ಚರವಾಯಿತು. ತಡೆಯಲಾರದೆ ಕೇಳಿಯೇಬಿಟ್ಟೆ, ಜೊತೆಗೆ ಬಂದವಳು ನಾನು, ಅಕ್ಕನ ಹೆಸರು ಯಾಕೆ ಕೊಟ್ಟೆ ಅಂತ. ಗೋಡೆ ಕಡೆ ತಿರುಗಿಕೊಂಡು ಹೇಳಿದಳು: "ನೀನು ಕರೀದಿದ್ರೂ ಹುಡುಕ್ಕೊಂಡು ಬರ್ತೀಯ. ಕರೀಬೇಕಾಗಿದ್ದು ಅವಳನ್ನ ತಾನೆ?"